ರೈಲ್‌ಬಸ್ಸಿನ ಕೆಳಗೆ ಏನಿರಬೇಕು: ಹಳೆಯ ಪವರ್ ಬೋಗಿಯೋ, ಎನ್-20 ಮೋಟರೋ?

ಹಳಿಯ ಮೇಲೆ ಓಡುವ ಬಸ್ಸಿನಂಥ ಸಣ್ಣ ಗಾಡಿ ರೈಲ್‌ಬಸ್, ಹುಟ್ಟಿನಿಂದಲೇ ಎರವಲಿನ ಗಾಡಿ. ಅಮೆರಿಕದ ಕೊಲರಾಡೊದಲ್ಲಿ ರಿಯೊ ಗ್ರಾಂಡ್ ಸದರ್ನ್ ಎಂಬ ಬಡ ರೈಲು ಕಂಪನಿ ಖರ್ಚು ತಗ್ಗಿಸಲು 1931ರಿಂದ ಬ್ಯೂಕ್, ಪಿಯರ್ಸ್ ಆ್ಯರೋ ಕಾರುಗಳ ಮೈಯನ್ನೇ ಹಳಿಗೆ ಏರಿಸಿತು. ಬ್ರಿಟನ್ನಿನ ಪೇಸರ್ ಗಾಡಿಗಳು ಲೇಲ್ಯಾಂಡ್ ಬಸ್ಸಿನ ಭಾಗಗಳಿಂದ ಆದವು. ಇಂಥ ಗಾಡಿಯ ಮಾದರಿಯನ್ನು ಅಂಗಡಿಯ ಡಬ್ಬಿಯಿಂದ ತೆಗೆದು ಹಳಿಯ ಮೇಲಿಟ್ಟರೆ ಅದರಲ್ಲಿ ಏನು ಸ್ವಾರಸ್ಯ? ಅದನ್ನು ಬಿಡಿಭಾಗಗಳಿಂದಲೇ ಕಟ್ಟಬೇಕು. ಆದರೆ ಯಾವ ಬಿಡಿಭಾಗ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪುಣೆಯಲ್ಲಿ ಮಾದರಿ ರೈಲು ಕಟ್ಟುವ ಈ ಹವ್ಯಾಸಕ್ಕೆ ನೆಲೆಯಿದೆ. ಕೋಥ್ರೂಡಿನ ಜೋಶಿಯವರ ಕಿರು ರೈಲು ಸಂಗ್ರಹಾಲಯವನ್ನು 1998ರಿಂದ ಮಕ್ಕಳೂ ಅಪ್ಪಂದಿರೂ ನೋಡುತ್ತಲೇ ಇದ್ದಾರೆ. ಬೋಹರಿ ಆಳಿಯಲ್ಲಿ ಹಿತ್ತಾಳೆ ಪಟ್ಟಿ ಮತ್ತು ಸಣ್ಣ ಸ್ಕ್ರೂಗಳು ಸಿಗುತ್ತವೆ, ಬುಧವಾರ ಪೇಟೆಯಲ್ಲಿ ಮೋಟರು ಮತ್ತು ತಂತಿ. ಜುನಾ ಬಾಜಾರಿನಲ್ಲಿ ಅದೃಷ್ಟವಿದ್ದರೆ ಏನು ಬೇಕಾದರೂ ಸಿಗುತ್ತದೆ. ನನ್ನದು ಎಚ್‌ಒ ಎಂದು ಕರೆಯುವ 1:87 ಅಳತೆಯ ಮಾದರಿ, ಹಳಿಗಳ ನಡುವೆ 16.5 ಮಿ.ಮೀ., 12 ವೋಲ್ಟ್ ಡಿಸಿ. ನಮ್ಮ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ ಎಂಬುದು ಗೊತ್ತಿದ್ದೂ ಎಲ್ಲರೂ 16.5ರ ಮೇಲೆಯೇ ಓಡಿಸುತ್ತೇವೆ. ಆ ಜಗಳ ಇಲ್ಲಿ ಬೇಡ.

ಮೊದಲ ದಾರಿ ಹಳೆಯದೊಂದು ಡೀಸೆಲ್ ಎಂಜಿನ್ ಮಾದರಿಯ ಪವರ್ ಬೋಗಿ. ಇಲ್ಲಿ ಬೋಗಿ ಎಂದರೆ ರೈಲಿನ ಡಬ್ಬಿಯಲ್ಲ. ಮೋಟರು, ಗೇರು, ನಾಲ್ಕು ಚಕ್ರ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕೂತಿರುವ ತುಂಡು ಅದು. ಎರಡು ತಂತಿ ಹಚ್ಚಿ ಹಳಿಯ ಮೇಲಿಟ್ಟರೆ ಆ ಕ್ಷಣವೇ ಓಡುತ್ತದೆ. ಒಳ್ಳೆಯ ಬೋಗಿಯಲ್ಲಿ ನಾಲ್ಕೂ ಚಕ್ರ ಕರೆಂಟು ಎತ್ತುತ್ತವೆ, ನಾಲ್ಕೂ ಎಳೆಯುತ್ತವೆ. ನಿಧಾನವಾಗಿ ಹೊರಡುವುದರಲ್ಲಿ ಇದನ್ನು ಮೀರಿಸುವ ಕೈಕೆಲಸ ನಾನು ನೋಡಿಲ್ಲ. ತೊಡಕಿರುವುದು ಅಳತೆಯಲ್ಲಿ. ಜರ್ಮನಿಯ ಪ್ರಸಿದ್ಧ ಯೂರ್ಡಿಂಗನ್ ರೈಲ್‌ಬಸ್ ವಿಟಿ 98ರ ಎರಡು ಅಚ್ಚುಗಳ ನಡುವೆ 6 ಮೀಟರ್ ಅಂತರ. ಎಚ್‌ಒದಲ್ಲಿ ಅದು 69 ಮಿ.ಮೀ. ಪವರ್ ಬೋಗಿಯಲ್ಲಿ ಸಿಗುವುದು ಅದರ ಅರ್ಧಕ್ಕೂ ಕಡಿಮೆ. ಹಾಗಾಗಿ ಇನ್ನೊಂದು ತುದಿಗೂ ಒಂದು ಬೋಗಿ ಕೊಡಬೇಕಾಗುತ್ತದೆ. ಕೊಟ್ಟ ಮೇಲೆ ಅದು ಎರಡೇ ಅಚ್ಚಿನ ರೈಲ್‌ಬಸ್ ಆಗಿ ಉಳಿಯುವುದಿಲ್ಲ, ಗಿಡ್ಡ ರೈಲಾಗುತ್ತದೆ. ಸಾಲದ್ದಕ್ಕೆ ಮೋಟರು ನೆಲವನ್ನು ಸೀಳಿಕೊಂಡು ಕಿಟಕಿಯ ಮಟ್ಟಕ್ಕೆ ಬರುತ್ತದೆ. ಅಲ್ಲಿ ಸೀಟಿಗೆ ಜಾಗವಿಲ್ಲ.

ನಮ್ಮ ಕಟ್ಟಡದಲ್ಲಿ ಸಾಗರದ ಕಡೆಯ ಹಿರಿಯರೊಬ್ಬರಿದ್ದಾರೆ. ಮೀಟರ್‌ಗೇಜ್ ಇದ್ದ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ರೈಲ್‌ಬಸ್ಸಿನಲ್ಲಿ ಓಡಾಡಿದವರು. ಬೋಗಿಯ ಮೇಲೆ ನುಣ್ಣಗೆ ಸಾಗಿದ ನನ್ನ ಗಾಡಿಯನ್ನು ನೋಡಿ, ‘ಚೆನ್ನಾಗಿದೆ, ಆದರೆ ನಮ್ಮದು ಹೀಗೆ ಹೋಗುತ್ತಿರಲಿಲ್ಲ, ಕುಲುಕುತ್ತಿತ್ತು’ ಎಂದರು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಎರಡನೆಯ ದಾರಿ ಎನ್-20 ಗೇರ್ ಮೋಟರ್. ರೊಬಾಟ್ ಕಟ್ಟುವ ಹುಡುಗರು ಕೊಳ್ಳುವ, ಅಡ್ಡಳತೆ 12×10 ಮಿ.ಮೀ. ಇರುವ ಸಣ್ಣ ತುಂಡು. ಚಕ್ರಗಳ ಒಳಮೈಗಳ ನಡುವೆ ಇರುವುದು ಹದಿನಾಲ್ಕೂವರೆ ಮಿ.ಮೀ. ಮಾತ್ರ, ಮೋಟರಿನ ಉದ್ದ ಅದನ್ನು ಮೀರುತ್ತದೆ, ಆದ್ದರಿಂದ ಅಡ್ಡಡ್ಡಲಾಗಿ ಕೂರುವುದಿಲ್ಲ. ಉದ್ದಕ್ಕೆ ಮಲಗಿಸಿ, ತಿರುಗುವ ದಿಕ್ಕನ್ನು ಅಡ್ಡಕ್ಕೆ ಬದಲಿಸುವ ಬೆವೆಲ್ ಗೇರಿನ ಮೂಲಕ ಅಚ್ಚಿಗೆ ಸೇರಿಸಬೇಕು. ಗೇರ್ ಜೋಡಿಯನ್ನು ಜುನಾ ಬಾಜಾರಿನ ಕೆಟ್ಟ ಕ್ಯಾಮೆರಾದಿಂದ ಕಿತ್ತುಕೊಂಡೆ. ವೇಗದ ಲೆಕ್ಕ ಇಲ್ಲಿ ನಮ್ಮ ಕೈಯಲ್ಲಿದೆ ಎಂಬುದೇ ದೊಡ್ಡ ಸುಖ. 10 ಮಿ.ಮೀ. ವ್ಯಾಸದ ಚಕ್ರ ಒಂದು ಸುತ್ತಿಗೆ 31.4 ಮಿ.ಮೀ. ಸಾಗುತ್ತದೆ, ನಿಮಿಷಕ್ಕೆ 300 ಸುತ್ತು ತಿರುಗುವ ಮೋಟರಿಗೆ ಸಮ ಹಲ್ಲಿನ ಗೇರು ಕೊಟ್ಟು, ಬಂದದ್ದನ್ನು 87ರಿಂದ ಗುಣಿಸಿದರೆ ಗಂಟೆಗೆ 49 ಕಿ.ಮೀ. ಹಳ್ಳಿ ಮಾರ್ಗದ ರೈಲ್‌ಬಸ್ಸಿಗೆ ಹೇಳಿ ಮಾಡಿಸಿದ ವೇಗ. ಅಚ್ಚುಗಳ ಅಂತರ ಸರಿಯಾಗಿ 69 ಮಿ.ಮೀ., ಮೋಟರು ಸೀಟುಗಳ ಕೆಳಗೆ ಮಾಯ, ಕಿಟಕಿಯಿಂದ ನೋಡಿದರೆ ಆಚೆ ಬದಿಯ ಗೋಡೆ ಕಾಣುತ್ತದೆ.

ಆದರೆ ಇದು ಕಿರುಚುತ್ತದೆ. ಒಳಗಿನ ಹಿತ್ತಾಳೆ ಗೇರುಗಳ ಸದ್ದು ಪಕ್ಕದ ಕೋಣೆಗೂ ಕೇಳಿಸುತ್ತದೆ. ಗ್ರೀಸ್ ಹಾಕಿದರೆ ತುಸು ತಗ್ಗುತ್ತದೆ, ಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಕಾಟ ಕರೆಂಟಿನದು. ನಾಲ್ಕೇ ಚಕ್ರ, ಗಟ್ಟಿ ಚೌಕಟ್ಟು. ಹಳಿ ಕೂದಲೆಳೆಯಷ್ಟು ಏರುಪೇರಾದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಹಳಿ ಕವಲೊಡೆಯುವ ಪಾಯಿಂಟಿನ ಪ್ಲಾಸ್ಟಿಕ್ ಮೂಗಿನ ಮೇಲೆ ಇನ್ನೊಂದು ಚಕ್ರ ಬಂತೋ, ಗಾಡಿ ಗಕ್ಕನೆ ನಿಲ್ಲುತ್ತದೆ. ಓಟವನ್ನು ಕಾಯ್ದಿಡುವ ಭಾರದ ಚಕ್ರ, ಅಂದರೆ ಫ್ಲೈವೀಲ್, ಇಲ್ಲದ್ದರಿಂದ ಉರುಳಿ ಮುಂದೆ ಹೋಗುವ ಮಾತೇ ಇಲ್ಲ. ಮೋಟರಿಲ್ಲದ ಅಚ್ಚನ್ನು ನಡುವಿನ ಒಂದೇ ಕಡ್ಡಿಯ ಮೇಲೆ ಎಡಬಲಕ್ಕೆ ಓಲಾಡುವಂತೆ ಕೂರಿಸಿದರೆ ನಾಲ್ಕೂ ಚಕ್ರ ಹಳಿ ಮುಟ್ಟುತ್ತವೆ, ಸಾಗರದವರು ಹೇಳಿದ ಕುಲುಕಾಟವೂ ತಾನಾಗಿ ಬರುತ್ತದೆ. ತೂಕವೂ ಬೇಕು. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಎಚ್‌ಒ ರೈಲು ಡಬ್ಬಿಗಳಿಗೆ 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್ ಎನ್ನುತ್ತದೆ. 5 ಇಂಚಿನ ಗಾಡಿಗೆ ಅದು ಸುಮಾರು 100 ಗ್ರಾಂ. ಟಯರ್ ಅಂಗಡಿಯಲ್ಲಿ ಚಕ್ರದ ಸಮತೋಲಕ್ಕೆ ಅಂಟಿಸುವ 5 ಗ್ರಾಮಿನ ತುಂಡುಗಳು ಸೀಟಿನ ಕೆಳಗೆ ಅಳತೆ ಮಾಡಿದಂತೆ ಕೂರುತ್ತವೆ. ಮೋಟರಿರುವ ಅಚ್ಚಿನ ಮೇಲೆ ಹೆಚ್ಚು ಅಂಟಿಸಬೇಕು.

ಇಷ್ಟಾದರೂ ಪವರ್ ಬೋಗಿಯ ಭರವಸೆ ಇದಕ್ಕೆ ಬರಲಿಲ್ಲ. ಬಂದದ್ದು ಹಿಂದೆ ಒಂದು ಟ್ರೇಲರ್ ಕಟ್ಟಿದಾಗ. ವಿಟಿ 98 ಕೂಡ ಟ್ರೇಲರ್ ಎಳೆದುಕೊಂಡೇ ಓಡಾಡಿದ ಗಾಡಿ, ಆದ್ದರಿಂದ ಇದು ಸುಳ್ಳಲ್ಲ. ಹಳೆಯ ಗೂಡ್ಸ್ ವ್ಯಾಗನ್ನಿನ ಎರಡು ಅಚ್ಚು, ಚಕ್ರಗಳ ಬೆನ್ನಿಗೆ ಹಗುರವಾಗಿ ಒರೆಸುವ ಫಾಸ್ಫರ್ ಬ್ರಾಂಜ್ ಪಟ್ಟಿಗಳು, ಕೊಂಡಿಯ ಪಕ್ಕದಲ್ಲಿ ಕೂದಲಿನಷ್ಟು ತೆಳುವಾದ ಎರಡು ತಂತಿ. ಈಗ ಎಂಟು ಚಕ್ರ ಕರೆಂಟು ಎತ್ತುತ್ತವೆ, ಪಾಯಿಂಟಿನ ಮೇಲೆ ತಡವರಿಕೆಯಿಲ್ಲ. ಪಟ್ಟಿಗಳನ್ನು ಬಿಗಿಯಾಗಿ ಒತ್ತಿದರೆ ಟ್ರೇಲರ್ ಉರುಳುವುದಿಲ್ಲ, ಎಳೆದುಕೊಂಡು ಬರುತ್ತದೆ. ಕಾಗದ ಜಾರುವಷ್ಟು ಒತ್ತಡ ಸಾಕು.

ಮೈಯ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಟಿಕೆ ಬಸ್ಸಿನ ಮೈ ಸುಲಭ ಎನಿಸುತ್ತದೆ, ಆದರೆ ಬಾಗಿಲು ಎಡಕ್ಕೆ ಮಾತ್ರ, ಟಯರಿನ ಕಮಾನುಗಳನ್ನು ಮುಚ್ಚುವುದೇ ಒಂದು ಕೆಲಸ. ಸನ್‌ಬೋರ್ಡ್ ಎಂಬ ಫೋಮ್ ಹಲಗೆ ಅಗ್ಗ, ಆದರೆ 3 ಮಿ.ಮೀ. ದಪ್ಪ ಎಂದರೆ ನಿಜ ಗಾಡಿಯಲ್ಲಿ 26 ಸೆಂ.ಮೀ. ಗೋಡೆ, ಬಸ್ಸಲ್ಲ, ಕೋಟೆ. ಹಿತ್ತಾಳೆ ಹಾಳೆಗೆ ತನ್ನದೇ ತೂಕವಿದೆ, ಅಂಚು ಚೂಪಾಗಿ ಬರುತ್ತದೆ. ಬೆಸುಗೆಯ ಕಾವಿಗೆ ಉದ್ದ ಪಕ್ಕ ಸೊಟ್ಟಗಾಗುತ್ತದೆ. ನಾನು ಉಳಿಸಿಕೊಂಡದ್ದು ಅರ್ಧ ಮಿ.ಮೀ. ಸ್ಟೈರೀನ್, ಅಂದರೆ ಪ್ಲಾಸ್ಟಿಕ್ ಹಾಳೆ. ಕಿಟಕಿಗಳನ್ನು ಕೊರೆಯುವ ಗೊಡವೆಗೆ ಹೋಗದೆ, ಕೆಳಗೊಂದು ಪಟ್ಟಿ, ಮೇಲೊಂದು ಪಟ್ಟಿ ಇಟ್ಟು ನಡುವೆ ಕಂಬಗಳನ್ನು ಅಂಟಿಸಿದರೆ ಕಿಟಕಿಗಳು ತಾವೇ ಹುಟ್ಟುತ್ತವೆ, ಮೂಲೆಗಳೂ ನೆಟ್ಟಗಿರುತ್ತವೆ. ಬಣ್ಣ ಕೆಂಪು. ಇಲ್ಲಿನವರು ತಮ್ಮ ಸರ್ಕಾರಿ ಬಸ್ಸು ಲಾಲ್ ಪರಿ ಎಂದು ಖುಷಿಪಡುತ್ತಾರೆ, ಊರಿನವರು ಕೆಂಪು ಬಸ್ ಎನ್ನುತ್ತಾರೆ, ಇಬ್ಬರನ್ನೂ ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ.

ನನ್ನ ಆಯ್ಕೆ ಎನ್-20, ಟ್ರೇಲರ್ ಸಮೇತ. ಒಂಟಿ ಗಾಡಿಯೇ ಬೇಕು, ಮಕ್ಕಳ ಕೈಗೂ ಕೊಡಬೇಕು ಎನ್ನುವವರು ಹಳೆಯ ಪವರ್ ಬೋಗಿಯನ್ನೇ ಹುಡುಕಲಿ. ಕೊಳ್ಳುವ ಮುನ್ನ ಚಕ್ರವನ್ನು ಬೆರಳಿನಿಂದ ತಿರುಗಿಸಲು ನೋಡಬೇಡಿ, ತಿರುಪಿನಂಥ ವರ್ಮ್ ಗೇರ್ ಇದ್ದರೆ ತಿರುಗುವುದಿಲ್ಲ. 9 ವೋಲ್ಟ್ ಬ್ಯಾಟರಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಮುಟ್ಟಿಸಿ ನೋಡಿ.