ಕಯೋಟಿ ಬೇಟೆಗೆ ಕಟ್ಟಿಸಿದ .22-250 ಕೋವಿ: ನಾಲ್ಕು ಚಳಿಗಾಲ ಬಳಸಿದ ಮೇಲೆ

ಈ ಕೋವಿ ನನ್ನ ಕೈಗೆ ಬಂದಿದ್ದು 2021ರ ನವೆಂಬರ್‌ನಲ್ಲಿ. ಅಲ್ಲಿಂದ ನಾಲ್ಕು ಚಳಿಗಾಲ ಕಳೆದಿದೆ, ಸುಮಾರು 1100 ಈಡು ಹೊಡೆದಿದ್ದೇನೆ. ಕೋವಿ ತಂದ ಮೊದಲ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಾನೂ ಬೇಕಾದಷ್ಟು ಓದಿದ್ದೆ. 100 ಗಜದಲ್ಲಿ ಮೂರು ಗುಂಡು ಎಷ್ಟು ಹತ್ತಿರ ಬಿದ್ದವು ಅನ್ನೋದೇ ಅವುಗಳ ಮುಖ್ಯ ಸುದ್ದಿ. ಮೈನಸ್ 20 ಡಿಗ್ರಿ ಚಳಿಯಲ್ಲಿ ದಪ್ಪ ಕೋಟು, ಕೈಗವಸು ಹಾಕಿಕೊಂಡು ಮರಳು ದಿಬ್ಬದ ಮೇಲೆ ಕೂತವನಿಗೆ ಆ ಕೋವಿ ಹೇಗೆ ಒದಗುತ್ತದೆ ಅಂತ ಯಾರೂ ಬರೆದಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದು.

ನಾನಿರುವುದು ನೆಬ್ರಾಸ್ಕಾದಲ್ಲಿ. ಬೇಟೆಗೆ ಹೋಗುವುದು ಸ್ಯಾಂಡ್‌ಹಿಲ್ಸ್ ಕಡೆಗೆ. ಹೆಸರೇ ಹೇಳುವಂತೆ ಅದು ಮರಳಿನ ಗುಡ್ಡಗಳ ನಾಡು, ಮೇಲೆಲ್ಲ ಹುಲ್ಲು, ಕಣ್ಣು ಹಾಯಿಸಿದಷ್ಟೂ ದನದ ಬೇಲಿ. ಮರ ಅಪರೂಪ, ಗಾಳಿ ದಿನವೂ. ಇಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಸುಗಳು ಕರು ಹಾಕುವ ಕಾಲ. ಆಗತಾನೇ ಹುಟ್ಟಿದ ಕರುವಿನ ಹತ್ತಿರ ಕಯೋಟಿ ಸುಳಿದಾಡುವುದನ್ನು ಒಮ್ಮೆ ನೋಡಿದರೆ ಸಾಕು, ರ‍್ಯಾಂಚಿನವರು ಯಾಕೆ ಬೇಟೆಗಾರರನ್ನು ಒಳಗೆ ಬಿಡುತ್ತಾರೆ ಅಂತ ಅರ್ಥವಾಗುತ್ತದೆ. ಜಮೀನಿನವರ ಅನುಮತಿ ಇಲ್ಲದೆ ಮಾತ್ರ ಕಾಲಿಡುವ ಹಾಗಿಲ್ಲ. ನಮ್ಮೂರಿನ ಗುಳ್ಳೆನರಿಗಿಂತ ಕಯೋಟಿ ಸ್ವಲ್ಪ ದೊಡ್ಡದು, ಚಳಿಗಾಲದಲ್ಲಿ ತುಪ್ಪಳ ತುಂಬಿಕೊಂಡಾಗ ತೋಳದ ಹಾಗೇ ಕಾಣುತ್ತದೆ. ಬುದ್ಧಿಯಲ್ಲಿ ಎರಡಕ್ಕೂ ಮೇಲು ಅಂತ ನನ್ನ ಅಭಿಪ್ರಾಯ.

ನನ್ನ ಮೂಲ ಕೊಡಗು. ನಮ್ಮ ಮನೆಯಲ್ಲಿ ಅಜ್ಜನ ಜೋಡು ನಳಿಗೆ ಕೋವಿ ಇತ್ತು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದರೆ ಅದನ್ನು ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ. ಆಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಬೇಟೆ ನಿಲ್ಲಿಸಿದ 1972ರ ವನ್ಯಜೀವಿ ಕಾಯ್ದೆ ಬಂದು ಎಷ್ಟೋ ವರ್ಷಕ್ಕೆ ಹುಟ್ಟಿದವನು ನಾನು, ಹಾಗಾಗಿ ನಾನು ಕಲಿತ ಗುರಿಯೆಲ್ಲ ತೆಂಗಿನಕಾಯಿಯದ್ದೇ. ಆದರೆ ಅಪ್ಪ ಆಗ ಹೇಳಿಕೊಟ್ಟ ಒಂದು ಮಾತು ಇಲ್ಲಿ ಕೋವಿ ಕಟ್ಟಿಸುವಾಗ ಕೆಲಸಕ್ಕೆ ಬಂತು. ಕಣ್ಣು ಮುಚ್ಚಿಕೊಂಡು ಕೋವಿಯನ್ನು ಹೆಗಲಿಗೆ ಎತ್ತು, ಆಮೇಲೆ ಕಣ್ಣು ತೆರೆ, ಗುರಿ ಎದುರಿಗೇ ಇದ್ದರೆ ಆ ಕೋವಿ ನಿನ್ನದು, ಕತ್ತು ಬಗ್ಗಿಸಿ ಹುಡುಕಬೇಕಾದರೆ ಅದು ಬೇರೆಯವರದ್ದು ಅಂತಿದ್ದರು. ಅಜ್ಜನ ಕೋವಿ ನನಗೆ ಯಾವತ್ತೂ ಉದ್ದವೇ ಆಯಿತು.

ಇಲ್ಲಿ ಅಂಗಡಿಯಲ್ಲಿ ಸಿಗುವ ಕೋವಿಗಳದ್ದೂ ಅದೇ ಕಥೆ. ಹೆಚ್ಚಿನವುಗಳಲ್ಲಿ ಕುದುರೆಯಿಂದ (ಟ್ರಿಗರ್) ಹಿಂದಿನ ತುದಿಯವರೆಗಿನ ಅಳತೆ 13.5 ಇಂಚಿನ ಆಸುಪಾಸು. ನನ್ನ ಎತ್ತರ 5 ಅಡಿ 6 ಇಂಚು. ಅದರ ಮೇಲೆ ಚಳಿಗಾಲದ ಕೋಟು ಸೇರಿದರೆ ಕೋವಿ ಹೆಗಲಿಗೆ ಕೂರುವ ಬದಲು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ. ಕಯೋಟಿ 80 ಗಜದಲ್ಲಿ ಪ್ರತ್ಯಕ್ಷವಾದಾಗ ಆ ಒದ್ದಾಟಕ್ಕೆ ಸಮಯವಿಲ್ಲ. ನಾನು ಕಟ್ಟಿಸೋಣ ಅಂತ ಹೊರಟಿದ್ದು ಈ ಒಂದೇ ಕಾರಣಕ್ಕೆ.

ಈಗ ಕೋವಿಯ ವಿಷಯ. ಆಕ್ಷನ್, ಅಂದರೆ ತೋಟೆಯನ್ನು ಒಳಗೆ ತಳ್ಳುವ ಬೋಲ್ಟ್ ಇರುವ ನಡುಭಾಗ, ಬಿಗ್‌ಹಾರ್ನ್ ಒರಿಜಿನ್. ಇದನ್ನು ಮಾಡುವ ಜರ್ಮಾಟ್ ಆರ್ಮ್ಸ್ ಇರುವುದು ಇಲ್ಲೇ ನೆಬ್ರಾಸ್ಕಾದ ಬೆನೆಟ್ ಊರಿನಲ್ಲಿ. ರೆಮಿಂಗ್ಟನ್ 700 ಅಳತೆಗೇ ಮಾಡಿರುವುದರಿಂದ ಆ ಮಾದರಿಯ ಟ್ರಿಗರ್, ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿ) ಎಲ್ಲ ಇದಕ್ಕೆ ಕೂರುತ್ತವೆ. 1962ರಲ್ಲಿ ಬಂದ ಆ ಮಾದರಿಯ ಅಳತೆಗೆ ಇವತ್ತಿಗೂ ಅರ್ಧ ಮಾರುಕಟ್ಟೆ ಬಿಡಿಭಾಗ ಮಾಡುತ್ತಿದೆ, ಕಟ್ಟಿಸುವವರಿಗೆ ಇದು ದೊಡ್ಡ ಅನುಕೂಲ. ಬೋಲ್ಟಿನ ತಲೆಯನ್ನು ಬದಲಿಸಬಹುದು, ಅಂದರೆ ಮುಂದೆ ಬೇರೆ ಅಳತೆಯ ತೋಟೆಗೆ ಹೋಗಬೇಕೆಂದರೂ ಆಕ್ಷನ್ ಅದೇ ಇರುತ್ತದೆ. ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಕೋವಿ ಅಂದರೆ ಈ ಆಕ್ಷನ್ ಮಾತ್ರ. ನಳಿಗೆ, ಸ್ಟಾಕ್ ನೇರವಾಗಿ ಮನೆಗೆ ಬರುತ್ತವೆ. ಆಕ್ಷನ್ ಮಾತ್ರ ಲೈಸೆನ್ಸ್ ಇರುವ ಡೀಲರ್ ಹತ್ತಿರ ಬಂದು, ಫಾರಂ 4473 ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಕೈಗೆ ಸಿಗುತ್ತದೆ. ಎಚ್-1ಬಿ ವೀಸಾದಲ್ಲಿರುವ ನಮ್ಮವರು ಇದನ್ನು ಓದುತ್ತಿದ್ದರೆ ದಯವಿಟ್ಟು ಗಮನಿಸಿ: ಆ ವೀಸಾದಲ್ಲಿ ಬಂದೂಕು ಇಟ್ಟುಕೊಳ್ಳಲು ಸಾಮಾನ್ಯವಾಗಿ ಅವಕಾಶ ಇಲ್ಲ, ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ನಾನು ಗ್ರೀನ್ ಕಾರ್ಡ್ ಬರುವವರೆಗೂ ಈ ಯೋಚನೆಯನ್ನೇ ಮಾಡಲಿಲ್ಲ.

ತೋಟೆ .22-250 ರೆಮಿಂಗ್ಟನ್. 1915ರ .250 ಸ್ಯಾವೇಜ್ ತೋಟೆಯ ಕತ್ತನ್ನು ಕಿರಿದು ಮಾಡಿ ಬೇಟೆಗಾರರೇ ಮನೆಯಲ್ಲಿ ಮಾಡಿಕೊಳ್ಳುತ್ತಿದ್ದದ್ದು, 1965ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಅಧಿಕೃತ ಮಾಡಿತು. .223 ತೋಟೆ ಅಗ್ಗ, ಎಲ್ಲೆಡೆ ಸಿಗುತ್ತದೆ, ಒದೆತವೂ ಕಡಿಮೆ, ಹೊಸಬರಿಗೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಸ್ಯಾಂಡ್‌ಹಿಲ್ಸ್ ಗಾಳಿಯಲ್ಲಿ ವೇಗ ಬೇಕೇ ಬೇಕು. 55 ಗ್ರೇನ್ ತೂಕದ ಗುಂಡು .22-250ರಲ್ಲಿ ಸೆಕೆಂಡಿಗೆ 3600 ಅಡಿ ದಾಟುತ್ತದೆ. 200 ಗಜಕ್ಕೆ ಗುರಿ ಕೂರಿಸಿದರೆ 300 ಗಜದಲ್ಲಿ ಇಳಿಯುವುದು ಐದಾರು ಇಂಚು ಅಷ್ಟೆ. ಗಂಟೆಗೆ 10 ಮೈಲಿ ಅಡ್ಡಗಾಳಿಗೆ 300 ಗಜದಲ್ಲಿ ಸುಮಾರು 8 ಇಂಚು ಸರಿಯುತ್ತದೆ. ಕಯೋಟಿಯ ಎದೆ ಅಂದರೆ ಅಂಗೈಗಿಂತ ಚೂರು ದೊಡ್ಡದು. ಹಾಗಾಗಿ 300 ಗಜದಾಚೆ ನಾನು ಹೊಡೆಯುವುದಿಲ್ಲ, ಗಾಳಿ ಜಾಸ್ತಿ ಇದ್ದರೆ 200ಕ್ಕೇ ನಿಲ್ಲಿಸುತ್ತೇನೆ. ಗಾಯ ಮಾಡಿ ಬಿಟ್ಟ ಪ್ರಾಣಿ ರಾತ್ರಿಯಿಡೀ ನರಳುವುದು ನನಗೆ ಬೇಡ.

ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆಯ ತಿರುವಿನ ಬಗ್ಗೆ ಒಂದು ಮಾತು. ಹಳೆಯ ಕಾರ್ಖಾನೆ ಕೋವಿಗಳಲ್ಲಿ ಈ ತೋಟೆಗೆ 14 ಇಂಚಿಗೆ ಒಂದು ತಿರುವು ಇರುತ್ತಿತ್ತು. ಅದರಲ್ಲಿ ಹಗುರ ಗುಂಡು ಮಾತ್ರ ನೆಟ್ಟಗೆ ಹೋಗುತ್ತದೆ, 75 ಗ್ರೇನ್ ಹಾಕಿದರೆ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ತೀರಾ ಬಿಗಿ ತಿರುವು ತೆಗೆದುಕೊಂಡರೆ ತೆಳು ಕವಚದ ಗುಂಡು ಆ ವೇಗಕ್ಕೆ ಗಾಳಿಯಲ್ಲೇ ಚೂರಾಗುವ ಭಯ. ನಾನು 9 ಇಂಚಿಗೆ ಒಂದು ತಿರುವು ಆರಿಸಿದೆ. ನಾಲ್ಕು ವರ್ಷದಲ್ಲಿ ಹಾರ್ನಡಿಯ 55 ಗ್ರೇನ್ ವಿ-ಮ್ಯಾಕ್ಸ್ ಗುಂಡು ಒಂದೂ ಒಡೆದಿಲ್ಲ.

ತಪ್ಪು ಮಾಡಿದ್ದು ಉದ್ದ ಮತ್ತು ದಪ್ಪದಲ್ಲಿ. 26 ಇಂಚಿನ ದಪ್ಪ ನಳಿಗೆ ತೆಗೆದುಕೊಂಡೆ. ಬೆಂಚಿನ ಮೇಲೆ ಅದು ಬಂಡೆಯ ಹಾಗೆ ನಿಲ್ಲುತ್ತಿತ್ತು. ಆದರೆ ಒಂದು ಬೆಳಗ್ಗೆಗೆ ಐದಾರು ಕಡೆ ಕೂರಬೇಕು, ಪ್ರತಿ ಕಡೆಗೂ ಅರ್ಧ ಮೈಲಿ ಮರಳಲ್ಲಿ ನಡೆಯಬೇಕು. ದುರ್ಬೀನು ಸೇರಿ 12 ಪೌಂಡ್ ದಾಟಿತ್ತು. ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ ಹೆಗಲು ಸೋತುಹೋಯಿತು. ಗನ್‌ಸ್ಮಿತ್ ಹತ್ತಿರ ಕೊಟ್ಟು 4 ಇಂಚು ಕತ್ತರಿಸಿ, ತುದಿಗೆ ಸದ್ದು ತಗ್ಗಿಸುವ ಸಪ್ರೆಸರ್ ಕೂರಲು ಥ್ರೆಡ್ ಹಾಕಿಸಿದೆ. ಮುಕ್ಕಾಲು ಪೌಂಡ್ ಇಳಿಯಿತು. ನನ್ನ ಅಳತೆಯಲ್ಲಿ ವೇಗ ಕಳೆದುಕೊಂಡಿದ್ದು ಸುಮಾರು 130 ಅಡಿ. ಯಾವ ಕಯೋಟಿಗೂ ಆ ವ್ಯತ್ಯಾಸ ಗೊತ್ತಾಗಿಲ್ಲ, ನನ್ನ ಹೆಗಲಿಗೆ ಗೊತ್ತಾಯಿತು.

ಸ್ಟಾಕ್ ವಿಷಯಕ್ಕೆ ಬಂದರೆ, ಇಡೀ ಕೋವಿಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು, ತುಂಬ ಕಾಯಿಸಿದ್ದೂ ಇದೇ. ಹತ್ತು ವಾರ ಅಂದವರು ಏಳು ತಿಂಗಳು ಮಾಡಿದರು. ಫೋನ್ ಮಾಡಿದಾಗಲೆಲ್ಲ ಮುಂದಿನ ವಾರ. ಬಂದ ಮೇಲೆ ಆ ಸಿಟ್ಟು ಹೋಯಿತು ಅಂತ ಹೇಳಲಾರೆ, ಆದರೆ ಕೆಲಸ ಚೆನ್ನಾಗಿದೆ. ಕುದುರೆಯಿಂದ ಹಿಂದಿನ ತುದಿಯವರೆಗೆ 12.75 ಇಂಚು, ಬೇಸಿಗೆಗೆ ಬೇಕಾದರೆ ಹಿಂದೆ ಬಿಲ್ಲೆ ಸೇರಿಸಿ ಉದ್ದ ಮಾಡಬಹುದು. ಕೆನ್ನೆ ಇಡುವ ಜಾಗವನ್ನು ಮೇಲೆ ಕೆಳಗೆ ಮಾಡಬಹುದು. ಈಗ ಕೋಟು ಹಾಕಿಕೊಂಡು, ಕಣ್ಣು ಮುಚ್ಚಿ ಎತ್ತಿದರೆ ಕಣ್ಣು ತೆರೆಯುವಷ್ಟರಲ್ಲಿ ದುರ್ಬೀನಿನ ವೃತ್ತ ತುಂಬಾ ಬೆಳಕು, ಅಂಚಿನಲ್ಲಿ ಒಂದು ಚೂರೂ ಕಪ್ಪಿಲ್ಲ. ಮೊದಲ ಸಲ ಹಾಗಾದಾಗ ಅಪ್ಪನಿಗೆ ಫೋನ್ ಮಾಡಿದ್ದೆ. ಅಲ್ಲಿ ಆಗ ರಾತ್ರಿ ಹನ್ನೊಂದೂವರೆ.

ಈಗ ನನ್ನ ದೊಡ್ಡ ದೂರು. 2022ರ ಜನವರಿ, ಬೆಳಗಿನ ಏಳೂವರೆ. ದಿಬ್ಬದ ನೆತ್ತಿಗಿಂತ ಸ್ವಲ್ಪ ಕೆಳಗೆ ಕೂತಿದ್ದೆ, ಬೆನ್ನ ಹಿಂದೆ ಯುಕ್ಕಾ ಪೊದೆ. ಪ್ರಾಣಿಗಳ ಕೂಗು ಹೊರಡಿಸುವ ಫಾಕ್ಸ್‌ಪ್ರೊ ಪೆಟ್ಟಿಗೆಯನ್ನು ನಲವತ್ತು ಗಜ ಮುಂದೆ ಇಟ್ಟು ಮೊಲದ ಚೀರಾಟ ಹಾಕಿದ್ದೆ. ಒಂಬತ್ತನೇ ನಿಮಿಷಕ್ಕೆ ಎರಡು ಒಟ್ಟಿಗೆ ಬಂದವು. ಜನವರಿ-ಫೆಬ್ರವರಿ ಅವು ಜೋಡಿಯಾಗುವ ಕಾಲ, ಹೀಗೇ ಬರುತ್ತವೆ. ಮುಂದಿನದು ಗಾಳಿಯ ವಾಸನೆ ಹಿಡಿಯಲು ಸುತ್ತು ಹಾಕತೊಡಗಿತು. ತುಟಿಯಲ್ಲಿ ಕೀಚ್ ಅಂದೆ, ನಿಂತಿತು. ಈಡು. ಅಲ್ಲೇ ಬಿತ್ತು. ಎರಡನೆಯದು ಗೊಂದಲದಲ್ಲಿ 120 ಗಜದಲ್ಲಿ ನಿಂತು ಹಿಂತಿರುಗಿ ನೋಡಿತು. ಬೋಲ್ಟ್ ಎಳೆದೆ, ತಳ್ಳಿದೆ, ಅರ್ಧಕ್ಕೆ ನಿಂತಿತು. ಕೆಳಗೆ ನೋಡಿದರೆ ತೋಟೆಯ ಮೂತಿ ಓರೆಯಾಗಿ, ಅದು ಕೂರಬೇಕಾದ ಗೂಡಿನ ಅಂಚಿಗೆ ಸಿಕ್ಕಿಕೊಂಡಿದೆ, ಹಿತ್ತಾಳೆಯ ಮೇಲೆ ಉಗುರಿನಲ್ಲಿ ಗೀರಿದ ಹಾಗೆ ಹೊಳೆಯುವ ಗೆರೆ. ಕೈಗವಸು ಹಲ್ಲಲ್ಲಿ ಕಚ್ಚಿ ಎಳೆದು ಅದನ್ನು ಬಿಡಿಸುವಷ್ಟರಲ್ಲಿ ದಿಬ್ಬದ ಮೇಲೆ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

ಕಾರಣ ಆಮೇಲೆ ಗೊತ್ತಾಯಿತು. ನಾನು ಕೊಂಡಿದ್ದ, ತೋಟೆ ತುಂಬುವ ಡಬ್ಬಿ ಮ್ಯಾಗಜೀನು .308 ವಂಶದ ತೋಟೆಗಳಿಗೆ ಹೇಳಿ ಮಾಡಿಸಿದ್ದು. ಅವುಗಳ ಮೈ ಹೆಚ್ಚುಕಡಿಮೆ ನೇರ. .22-250ರ ಮೈ ಹಿಂದಿನಿಂದ ಮುಂದಕ್ಕೆ ಸಣ್ಣಗಾಗುತ್ತಾ ಹೋಗುತ್ತದೆ. ಒಂದರ ಮೇಲೊಂದು ಜೋಡಿಸಿದರೆ ಮೂತಿ ಕೆಳಕ್ಕೆ ವಾಲುತ್ತದೆ. ಮಾರಿದವರು ಎಲ್ಲಕ್ಕೂ ಆಗುತ್ತೆ ಅಂದಿದ್ದರು, ವಾಪಸ್ ತೆಗೆದುಕೊಳ್ಳಲಿಲ್ಲ. ಈ ತೋಟೆಗೆಂದೇ ತುಟಿ ಬಾಗಿಸಿದ ಮ್ಯಾಗಜೀನು ಬೇರೆ ಸಿಗುತ್ತದೆ, ಅದನ್ನು ತಂದ ಮೇಲೆ ತೊಂದರೆ ನಿಂತಿತು. ಈ ತೋಟೆಯನ್ನು ಆರಿಸುವವರು ನಳಿಗೆಗಿಂತ ಮೊದಲು ಮ್ಯಾಗಜೀನಿನ ಬಗ್ಗೆ ವಿಚಾರಿಸಿ. ಮನೆಯಲ್ಲಿ ಮದ್ದಿಲ್ಲದ ನಕಲಿ ತೋಟೆ ತುಂಬಿ, ಜೋರಾಗಿಯೂ ನಿಧಾನವಾಗಿಯೂ ನೂರು ಸಲ ಬೋಲ್ಟ್ ಆಡಿಸಿ ನೋಡಿ. ನಾನು ಬೆಂಚಿನ ಮೇಲೆ ಒಂದೊಂದೇ ತೋಟೆ ಹಾಕಿ ಹೊಡೆದು ಖುಷಿಪಟ್ಟಿದ್ದೆ, ಹಾಗಾಗಿ ಇದು ಗೊತ್ತೇ ಆಗಿರಲಿಲ್ಲ.

ಎರಡನೇ ಚಳಿಗಾಲದಲ್ಲಿ ಇನ್ನೊಂದು. ಇದ್ದಕ್ಕಿದ್ದಂತೆ ಗುಂಡುಗಳು 100 ಗಜದಲ್ಲಿ ಎರಡು ಇಂಚು ಹರಡತೊಡಗಿದವು. ನಳಿಗೆ ಹೋಯಿತು ಅಂದುಕೊಂಡು ಎರಡು ಡಬ್ಬಿ ತೋಟೆ ಸುಮ್ನೆ ಖಾಲಿ ಮಾಡಿದೆ. ಕೊನೆಗೆ ನೋಡಿದರೆ ದುರ್ಬೀನಿನ ತಳದ ಒಂದು ತಿರುಪು ಸಡಿಲ. ಟ್ರಕ್ಕಿನ ಹಿಂದೆ ಜಲ್ಲಿ ರಸ್ತೆಯಲ್ಲಿ ಕುಲುಕಾಡಿದ್ದರ ಫಲ. ಬಿಚ್ಚಿ, ಎಣ್ಣೆ ಒರೆಸಿ, ನೀಲಿ ಅಂಟು ಹಾಕಿ ಬಿಗಿ ಮಾಡಿದೆ. ಆಮೇಲೆ ಮತ್ತೆ ಮುಕ್ಕಾಲು ಇಂಚಿನೊಳಗೆ.

ಟ್ರಿಗರ್‌ಟೆಕ್ ಕುದುರೆ 2.5 ಪೌಂಡಿಗೆ ಇಟ್ಟಿದ್ದೇನೆ. ಇನ್ನೂ ಹಗುರ ಮಾಡಬಹುದು, ಆದರೆ ಮರಗಟ್ಟಿದ ಬೆರಳಿಗೆ ಅದು ಬೇಡ. ದುರ್ಬೀನು ಲ್ಯೂಪೋಲ್ಡ್ ವಿಎಕ್ಸ್-3ಎಚ್‌ಡಿ 4.5-14. ಕೂತ ಕೂಡಲೇ ಅದನ್ನು 4.5ಕ್ಕೆ ತಿರುಗಿಸಿಡುತ್ತೇನೆ. 14ರಲ್ಲೇ ಮರೆತು ಬಿಟ್ಟು, 60 ಗಜದಲ್ಲಿ ಬಂದ ಕಯೋಟಿಯ ಬದಲು ಬರೀ ಹುಲ್ಲು ನೋಡಿದ್ದೂ ಉಂಟು. ಬೋಲ್ಟಿಗೆ ಎಣ್ಣೆ ಹೆಸರಿಗೆ ಮಾತ್ರ, ದಪ್ಪ ಎಣ್ಣೆ ಚಳಿಗೆ ಬೆಲ್ಲದ ಪಾಕದ ಹಾಗಾಗುತ್ತದೆ. ಮನೆಗೆ ಬಂದ ಮೇಲೆ ಕೋವಿಯನ್ನು ಚೀಲದಿಂದ ತಕ್ಷಣ ತೆಗೆಯಬೇಡಿ, ಬಿಸಿ ಗಾಳಿ ತಾಗಿದರೆ ಉಕ್ಕೆಲ್ಲ ಬೆವರುತ್ತದೆ. ಗಂಟೆ ಬಿಟ್ಟು ತೆಗೆದು ಒರೆಸಿ.

ಸಪ್ರೆಸರ್ ಬಗ್ಗೆ ಎರಡನೇ ಯೋಚನೆ ಬೇಡ, ಕಿವಿ ಉಳಿಯುತ್ತದೆ. ಎರಡನೇ ಕಯೋಟಿಗೆ ಸದ್ದು ಎಲ್ಲಿಂದ ಬಂತು ಅಂತ ಬೇಗ ತಿಳಿಯುವುದಿಲ್ಲ. ನಾನು ತೆಗೆದುಕೊಂಡಾಗ 200 ಡಾಲರ್ ತೆರಿಗೆ ಕಟ್ಟಿ ತಿಂಗಳುಗಟ್ಟಲೆ ಕಾದಿದ್ದೆ. 2026ರ ಜನವರಿ 1ರಿಂದ ಆ ತೆರಿಗೆ ಸೊನ್ನೆ, ಅರ್ಜಿ ಮತ್ತು ಪರಿಶೀಲನೆ ಮಾತ್ರ ಹಾಗೇ ಉಳಿದಿದೆ.

ಖರ್ಚು ಕೇಳುವವರಿಗೆ: ಆಕ್ಷನ್ 850, ನಳಿಗೆ 480, ಸ್ಟಾಕ್ 650, ಕುದುರೆ 170, ಗನ್‌ಸ್ಮಿತ್ ಕೂಲಿ 200, ಒಟ್ಟು 2350 ಡಾಲರ್. ದುರ್ಬೀನು, ಸಪ್ರೆಸರ್ ಬೇರೆ. ನಳಿಗೆ ಕೂರಿಸಿ ತೋಟೆ ಗೂಡಿನ ಅಳತೆ ಪರೀಕ್ಷಿಸುವುದನ್ನು ನಾನು ಮನೆಯಲ್ಲಿ ಮಾಡಲಿಲ್ಲ. ಮುಖದ ಪಕ್ಕದಲ್ಲಿ ಸಿಡಿಯುವ ವಸ್ತು, ಆ 200 ಡಾಲರ್ ಉಳಿಸುವ ಆಸೆ ಬೇಡ. ನಿಮ್ಮ ಅಳತೆಗೆ ಅಂಗಡಿಯ ಕೋವಿ ಸರಿಹೊಂದುತ್ತದೆ ಅಂದರೆ ಇಷ್ಟೆಲ್ಲ ಖರ್ಚು ಯಾಕೆ ಅಲ್ವಾ? ಅದರ ಅರ್ಧ ದುಡ್ಡಿಗೆ ಒಳ್ಳೆಯದೇ ಸಿಗುತ್ತದೆ.

ಈ ಶರತ್ಕಾಲದಲ್ಲಿ ಗನ್‌ಸ್ಮಿತ್ ನಳಿಗೆಯೊಳಗೆ ಕ್ಯಾಮೆರಾ ಬಿಟ್ಟು ತೋರಿಸಿದರು. ತೋಟೆ ಕೂರುವ ಜಾಗದ ಮುಂದೆ ಉಕ್ಕು ಬಿಸಿಲಿಗೆ ಬಿರಿದ ಕೆರೆಯ ತಳದ ಹಾಗೆ ಕಾಣುತ್ತಿತ್ತು. ಈ ವೇಗದ ತೋಟೆಗೆ ಅದು ಸಹಜ. ಇನ್ನೂ ಚೆನ್ನಾಗಿಯೇ ಹೊಡೆಯುತ್ತಿದೆ, ಆದರೆ ಮುಂದಿನ ವರ್ಷದವರೆಗೆ ನಂಬುವ ಧೈರ್ಯ ನನಗಿಲ್ಲ. ಹೊಸ ನಳಿಗೆಗೆ ಹೇಳಿದ್ದೇನೆ. ಅದೇ ತೋಟೆ, ಅದೇ ತಿರುವು, 22 ಇಂಚು, ಈ ಸಲ ತೆಳ್ಳಗಿನದ್ದು. ಕರು ಹಾಕುವ ಕಾಲಕ್ಕೆ ಮುಂಚೆ ಬಂದರೆ ಸಾಕು.