ಮಹಿಷಾಸುರ ಬರುವಾಗ ಕ್ಯಾಮೆರಾ ಎಲ್ಲಿತ್ತು?

ಮಂಗಳೂರಿನ ಸ್ಥಳೀಯ ಕೇಬಲ್ ಚಾನೆಲೊಂದರಲ್ಲಿ ನೇರಪ್ರಸಾರವಾದ ತೆಂಕುತಿಟ್ಟು ಶೈಲಿಯ ಯಕ್ಷಗಾನ ‘ಶ್ರೀದೇವಿ ಮಹಾತ್ಮೆ’ಯ ವಿಮರ್ಶೆ ಇದು. ವೇಷಗಳ ಗುಣದೋಷ ಯಕ್ಷಗಾನ ವಿಮರ್ಶಕರಿಗಿರಲಿ. ಟಿವಿ ವಿಮರ್ಶೆಯ ಕೆಲಸವೇನಿದ್ದರೂ ಕ್ಯಾಮೆರಾ, ಮೈಕ್ ಮನೆಗೆ ಏನನ್ನು ತಲುಪಿಸಿದವು ಎಂದು ನೋಡುವುದು. ಅದನ್ನು ಕಂಡುಹಿಡಿಯುವುದರಲ್ಲೇ ಈ ಬರವಣಿಗೆಯ ಸುಖವೂ ಇದೆ.

ಮೊದಲು ಮೆಚ್ಚಬೇಕಾದ್ದು ಧ್ವನಿ. ಎಲ್ಲ ಮೈಕ್‌ಗಳನ್ನೂ ಜೋರಾದ ಸದ್ದನ್ನು ಮಿತಿಯಲ್ಲಿಡುವ ಒಂದೇ ಲಿಮಿಟರ್‌ಗೆ ಕೊಟ್ಟರೆ ಚೆಂಡೆಯ ಪ್ರತಿ ಪೆಟ್ಟಿಗೂ ಭಾಗವತರ ಸ್ವರ ಕುಗ್ಗುತ್ತದೆ. ಇಲ್ಲಿ ಹಾಗಾಗಿಲ್ಲ; ಏರುಪದ್ಯದಲ್ಲೂ ಸಾಹಿತ್ಯ ಅಕ್ಷರಕ್ಷರ ಕೇಳುತ್ತದೆ.

ಆದರೆ ಚೆಂಡೆಯ ಕೋಲನ್ನೇ ನೋಡಿ: ಅದು ಚರ್ಮಕ್ಕೆ ತಾಗುವ ಮೊದಲೇ ಸದ್ದು ಬರುತ್ತದೆ. ರೆಕಾರ್ಡಿಂಗನ್ನು ನಿಧಾನಕ್ಕೆ ಓಡಿಸಿ ಎಣಿಸಿದರೆ ನಾಲ್ಕು ಫ್ರೇಮ್; ಸೆಕೆಂಡಿಗೆ 25 ಫ್ರೇಮ್‌ನಂತೆ 160 ಮಿಲಿಸೆಕೆಂಡ್. ಚಿತ್ರ, ಕ್ಯಾಮೆರಾಗಳ ನಡುವೆ ಬದಲಿಸುವ ಸ್ವಿಚರ್ ದಾಟಿ ತಡವಾಗಿ ಬರುತ್ತದೆ, ಧ್ವನಿ ಮಿಕ್ಸರ್‌ನಿಂದ ನೇರ ಬರುತ್ತದೆ. ಧ್ವನಿಗೂ ಅಷ್ಟೇ ಡಿಲೇ ಕೊಡಬೇಕಿತ್ತು. ರಭಸದ ಸುತ್ತುಕುಣಿತವಾದ ಧೀಂಗಣದಲ್ಲಿ ಹೆಜ್ಜೆ ತಾಳ ತಪ್ಪಿದಂತೆ ಕಂಡದ್ದು ಇದರಿಂದ. ಇದನ್ನು ಗಮನಿಸದೆ ಬರೆದರೆ ಕಲಾವಿದನಿಗೆ ಅನ್ಯಾಯ.

ದೊಡ್ಡ ನಷ್ಟ ಮಹಿಷಾಸುರನ ಪ್ರವೇಶದಲ್ಲಿ. ಅವನು ಬರುವುದು ಸಭೆಯ ನಡುವಿನಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಬೆಂಕಿಯೊಂದಿಗೆ. ಮೂರೂ ಕ್ಯಾಮೆರಾಗಳು ರಂಗಸ್ಥಳಕ್ಕೇ ಮುಖಮಾಡಿದ್ದವು. ತಿರುಗುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು. ಸಾಲದ್ದಕ್ಕೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಕಿಂಡಿ, ಅಂದರೆ ಐರಿಸ್, ಆಟೋದಲ್ಲಿ. ರಾಳ ಭುಗಿಲೆದ್ದಾಗಲೆಲ್ಲ ಅದು ಮುಚ್ಚಿಕೊಂಡು, ಬಣ್ಣ ಹಚ್ಚುವ ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಒಂದೊಂದಾಗಿ ಇಟ್ಟ ಮುಖದ ಬಿಳಿ ಚುಕ್ಕೆಗಳ ಚಿಟ್ಟಿ ಪರದೆಯ ಮೇಲೆ ಬರೀ ಕಪ್ಪಾಯಿತು. ಮುಖಕ್ಕೆ ಹೊಂದಿಸಿ ಐರಿಸ್ ಲಾಕ್ ಮಾಡಿದ್ದರೆ ಬೆಂಕಿ ಬೆಳ್ಳಗಾಗುತ್ತಿತ್ತು, ಮುಖ ಉಳಿಯುತ್ತಿತ್ತು. ಪ್ರಸಂಗ ಬಲ್ಲವರೊಬ್ಬರು ಸ್ವಿಚರ್ ಪಕ್ಕ ಕೂತಿದ್ದರೆ ಒಂದು ಕ್ಯಾಮೆರಾ ಮೊದಲೇ ಸಭೆಯ ಹಿಂದೆ ಹೋಗಿ ನಿಲ್ಲುತ್ತಿತ್ತು.

ಅರ್ಥಗಾರಿಕೆಯಲ್ಲಿ ಮಾತು ಕೇಳುತ್ತಿರುವವನ ಮುಖವನ್ನೂ ತೋರಿಸಿದ್ದಾರೆ, ಬಹಳ ಒಳ್ಳೆಯ ಕೆಲಸ. ಕುಣಿತದಲ್ಲಿ ಮಾತ್ರ ಬಿಡ್ತಿಗೆ (ಚೆಂಡೆ-ಮದ್ದಲೆಯ ನಡೆಗೆ ಕುಣಿಯುವ ತುಣುಕು) ಮುಗಿಯುವ ಮೊದಲೇ ಕ್ಲೋಸಪ್‌ಗೆ ಹಾರಿ ಕಾಲನ್ನೇ ಬಿಟ್ಟುಬಿಡುತ್ತಾರೆ. ಈ ಅವಸರ ಒಮ್ಮೆ ಮ್ಯೂಟ್ ಮಾಡಿ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಸದ್ದಿರುವಾಗ ಚೆಂಡೆ ಎಲ್ಲ ಕಟ್‌ಗಳನ್ನೂ ಮುಚ್ಚಿಹಾಕುತ್ತದೆ. ಪ್ರತಿ ಕಟ್‌ನ ಗಂಟೆ, ನಿಮಿಷ ಬರೆದಿಟ್ಟುಕೊಳ್ಳಿ, ನೆನಪನ್ನು ನಂಬಬೇಡಿ.

ದೂರುವ ಮೊದಲು ನಿಮ್ಮ ಟಿವಿಯನ್ನೂ ಪರೀಕ್ಷಿಸಿ. ಬೇರೆ ಚಾನೆಲ್‌ನಲ್ಲಿ ತುಟಿಗೂ ಮಾತಿಗೂ ಹೊಂದಿದರೆ ದೋಷ ಪ್ರಸಾರದ್ದೇ. ಚಲನೆಯನ್ನು ನುಣುಪಾಗಿಸುವ ಮೋಶನ್ ಸ್ಮೂದಿಂಗ್ ಆಫ್ ಮಾಡಿ, ಇಲ್ಲವಾದರೆ ಗಿರಕಿಯಲ್ಲಿ ಕಿರೀಟದ ಅಂಚು ಹರಿದಂತೆ ಕಾಣಬಹುದು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಆಡಿಯೋ ಡಿಲೇ ಇದ್ದರೆ 160 ಮಿಲಿಸೆಕೆಂಡಿಗೆ ಇಡಿ. ಈ ಆಟದ ಮರುಪ್ರಸಾರದಲ್ಲಿ ಚೆಂಡೆ ಕೋಲಿನ ಜೊತೆಗೇ ಕೇಳುತ್ತದೆ.