ಮೇಲ್ರೆಪ್ಪೆ ಆಪರೇಷನ್: ಸಿಯೋಲ್‌ನಲ್ಲಿ ಒಂದ್ಸಲ, ಬ್ಯಾಂಕಾಕ್‌ನಲ್ಲಿ ಒಂದ್ಸಲ, ಆಮೇಲೆ ಬೆಂಗಳೂರಲ್ಲಿ ಅಕ್ಕಂದು

ನನ್ನ ಮೇಲ್ರೆಪ್ಪೆಗೆ ಎರಡು ಸಲ ಆಪರೇಷನ್ ಆಗಿದೆ, ಎರಡೂ ಸಲ ಬೇರೆ ದೇಶದಲ್ಲಿ. 2019ರ ನವೆಂಬರಲ್ಲಿ ಸಿಯೋಲ್, 2024ರ ಏಪ್ರಿಲಲ್ಲಿ ಬ್ಯಾಂಕಾಕ್. 2025ರಲ್ಲಿ ಅಕ್ಕ ಇಲ್ಲೇ ಬೆಂಗಳೂರಲ್ಲಿ ಮಾಡಿಸ್ಕೊಂಡ್ಲು, ಆಗ ಜೊತೆಗಿದ್ದು ಐಸ್ ಇಟ್ಟವಳು ನಾನೇ. ಗೊತ್ತಿರೋರು ಮೂರ್ನಾಲ್ಕು ಜನ ಕೊರಿಯಾನಾ ಥೈಲ್ಯಾಂಡಾ ಅಂತ ಕೇಳ್ತಾನೇ ಇರ್ತಾರೆ, ಫೋನಲ್ಲಿ ಹೇಳೋಕೆ ಹೋದ್ರೆ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಕೂತು ಪೂರ್ತಿ ಬರೀತಿದೀನಿ.

ಮೊದಲು ನನ್ನ ತೊಂದರೆ ಏನು ಅಂತ ಹೇಳ್ಬೇಕು, ಯಾಕಂದ್ರೆ ಅದನ್ನ ಸರಿಯಾಗಿ ತಿಳ್ಕೊಳ್ದೇ ಹೋಗಿದ್ದಕ್ಕೇ ಮೊದಲನೇ ಸಲ ದುಡ್ಡು ಹೋಯ್ತು. ಅಮ್ಮನ ಕಡೆ ಎಲ್ಲರಿಗೂ ನಲವತ್ತು ದಾಟ್ತಿದ್ದ ಹಾಗೆ ಮೇಲ್ರೆಪ್ಪೆ ಚರ್ಮ ಜೋತು ಬೀಳುತ್ತೆ, ಅಜ್ಜಿ ಫೋಟೋ ನೋಡಿದ್ರೂ ಅದೇ. ನನಗೂ ಬೆಳಿಗ್ಗೆ ಹಚ್ಚಿದ ಕಾಡಿಗೆ ಮಧ್ಯಾಹ್ನದೊಳಗೆ ಮೇಲಿನ ಚರ್ಮಕ್ಕೆ ಮೆತ್ಕೊಳ್ತಿತ್ತು, ಸಂಜೆ ಆದ್ರೆ ಹಣೆ ನೋವು, ದಿನವಿಡೀ ಹುಬ್ಬು ಎತ್ತಿ ಎತ್ತಿ ನೋಡ್ತಿದ್ದೆ ಅನ್ನೋದು ಎಷ್ಟೋ ವರ್ಷದ ಮೇಲೆ ಡಾಕ್ಟರ್ ಹೇಳಿದಾಗ ಗೊತ್ತಾಯ್ತು. ಸ್ಟಾಫ್ ರೂಮಲ್ಲಿ ನಿದ್ದೆ ಆಗಿಲ್ವಾ ಮೇಡಂ ಅಂತ ಕೇಳಿಸ್ಕೊಂಡು ಸಾಕಾಗಿತ್ತು. ನೋಡೋಕೆ ಒಂದೇ ಥರ ಕಂಡ್ರೂ ಇದರಲ್ಲಿ ಮೂರು ಬೇರೆ ಬೇರೆ ಇದೆ: ಚರ್ಮ ಹೆಚ್ಚಾಗಿ ಜೋತು ಬೀಳೋದು, ರೆಪ್ಪೆ ಎತ್ತೋ ಸ್ನಾಯುವೇ ಸೋತು ರೆಪ್ಪೆ ಕೆಳಗಿಳಿಯೋದು ಅಂದ್ರೆ ಟೋಸಿಸ್, ಮತ್ತೆ ಹುಬ್ಬೇ ಕೆಳಗೆ ಜಾರಿರೋದು. ಮೂರಕ್ಕೂ ಮಾಡೋ ಕೆಲಸ ಬೇರೆ, ಹುಬ್ಬು ಜಾರಿರೋರಿಗೆ ಬರೀ ರೆಪ್ಪೆ ಚರ್ಮ ತೆಗೆದ್ರೆ ಹುಬ್ಬು ಇನ್ನೂ ಕೆಳಗೆ ಬರಬಹುದು. ನನ್ನದು ಮೊದಲನೇದು, ಬರೀ ಚರ್ಮ.

ಸಿಯೋಲ್‌ಗೆ ನಾನು ಆಪರೇಷನ್‌ಗೆ ಅಂತ ಹೋಗಿದ್ದಲ್ಲ. ನಮ್ಮನೆಯವರಿಗೆ ಸಿಯೋಲ್ ಹತ್ರದ ಸುವಾನ್‌ನಲ್ಲಿ ಮೂರು ತಿಂಗಳ ಪ್ರಾಜೆಕ್ಟ್ ಬಂತು, ನಾನು ಸಂಬಳ ಇಲ್ಲದ ರಜೆ ಹಾಕಿ ಜೊತೆಗೆ ಹೋದೆ. ಗ್ವಾಂಗ್ಯೋ ಸ್ಟೇಷನ್‌ನಲ್ಲಿ ಶಿನ್‌ಬುಂದಾಂಗ್ ಮೆಟ್ರೋ ಲೈನ್ ಹತ್ತಿದ್ರೆ ಮುಕ್ಕಾಲು ಗಂಟೆ ಒಳಗೆ ಸಿಯೋಲ್‌ನ ಗಂಗ್ನಮ್, ಅಲ್ಲಿಂದ ಶಿನ್ಸಾ, ಅಪ್ಗುಜಾಂಗ್ ಕಡೆ ಹೋದ್ರೆ ಬೀದಿ ಪೂರ್ತಿ ಕ್ಲಿನಿಕ್ ಬೋರ್ಡು, ಒಂದೇ ಬಿಲ್ಡಿಂಗ್‌ನ ಬೇರೆ ಬೇರೆ ಫ್ಲೋರಲ್ಲಿ ಬೇರೆ ಬೇರೆ ಕ್ಲಿನಿಕ್. ದಿನಾ ಅದನ್ನ ನೋಡ್ತಾ ಇದ್ರೆ ಹಲ್ಲು ಕ್ಲೀನ್ ಮಾಡಿಸೋ ಅಷ್ಟು ಸಲೀಸು ಅನ್ಸಿಬಿಡುತ್ತೆ. ನಾನು ಹೋದ ಕ್ಲಿನಿಕ್‌ನಲ್ಲಿ ಮೊದಲು ಸಿಗೋದು ಡಾಕ್ಟರ್ ಅಲ್ಲ, ಸಿಲ್ಜಾಂಗ್ ಅಂತ ಕರೀತಾರೆ, ಕನ್ಸಲ್ಟೇಷನ್ ಮಾಡೋ ಮ್ಯಾನೇಜರ್. ಆಕೆ ಇಂಟರ್‌ಪ್ರಿಟರ್ ಕೂರಿಸ್ಕೊಂಡು ನಲವತ್ತು ನಿಮಿಷ ಮಾತಾಡಿದ್ರು, ಸಣ್ಣ ಕಡ್ಡಿಯಲ್ಲಿ ರೆಪ್ಪೆ ಒತ್ತಿ ಮಡಿಕೆ ಎಲ್ಲಿ ಬರುತ್ತೆ ಅಂತ ಕನ್ನಡೀಲಿ ತೋರಿಸಿದ್ರು, ಇವತ್ತೇ ಬುಕ್ ಮಾಡಿದ್ರೆ ಇಷ್ಟು ಕಮ್ಮಿ ಅಂದ್ರು. ಡಾಕ್ಟರ್ ಬಂದಿದ್ದು ಐದೇ ನಿಮಿಷ.

ಅವರು ಹೇಳಿದ್ದು ಕತ್ತರಿಸದೇ ಮಾಡೋ ವಿಧಾನ. ರೆಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ ಒಳಗೇ ಕೂದಲಿನಷ್ಟು ಸಣ್ಣ ದಾರ ಹಾಕಿ ಮಡಿಕೆ ಕಟ್ತಾರೆ, ಹೊಲಿಗೆ ಬಿಚ್ಚೋದೇ ಇಲ್ಲ, ನಾಲ್ಕು ದಿನಕ್ಕೆ ಓಡಾಡಬಹುದು. ಹುಟ್ಟಿನಿಂದ ರೆಪ್ಪೆಯಲ್ಲಿ ಮಡಿಕೆನೇ ಇಲ್ಲದಿರೋರು ಅಲ್ಲಿ ತುಂಬಾ ಜನ ಇದ್ದಾರೆ, ಅಂಥ ಚಿಕ್ಕ ವಯಸ್ಸಿನವರಿಗೆ, ರೆಪ್ಪೆ ತೆಳು ಇರೋರಿಗೆ ಇದು ಒಳ್ಳೇ ವಿಧಾನ, ಅದರಲ್ಲಿ ಅವರ ಕೈ ಪಳಗಿರೋದು ನಿಜ. ಆದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಮಡಿಕೆ ಹುಟ್ಟಿನಿಂದಲೇ ಇರುತ್ತೆ, ವಯಸ್ಸಾದ ಮೇಲೆ ಅದರ ಮೇಲೆ ಚರ್ಮ ಬಂದು ಕೂತು ಮುಚ್ಚಿರುತ್ತೆ ಅಷ್ಟೇ. ಮಡಿಕೆ ಕಟ್ಟಿದ್ರೆ ಚರ್ಮ ಎಲ್ಲಿಗೆ ಹೋಗುತ್ತೆ? ಈ ಪ್ರಶ್ನೆ ಅವತ್ತು ನನಗೆ ಹೊಳೀಲಿಲ್ಲ, ಅವರೂ ಎತ್ತಲಿಲ್ಲ. 14 ಲಕ್ಷ ವಾನ್ ಕೊಟ್ಟೆ, ಆಗಿನ ಲೆಕ್ಕಕ್ಕೆ ಸುಮಾರು 84 ಸಾವಿರ ರೂಪಾಯಿ. ಹೊರದೇಶದವರಿಗೆ 10 ಪರ್ಸೆಂಟ್ ವ್ಯಾಟ್ ವಾಪಸ್ ಕೊಡೋ ಸೌಲಭ್ಯ 2016ರಿಂದ 2025ರ ಕೊನೆ ತನಕ ಇತ್ತು, ಸರ್ವಿಸ್ ಚಾರ್ಜ್ ಕಳೆದು ಬರೋವಾಗ ಏರ್‌ಪೋರ್ಟಲ್ಲಿ ಸಿಕ್ತು.

ನನಗೆ ಇವತ್ತಿಗೂ ಬೇಜಾರಿರೋದು ದುಡ್ಡಿಗಲ್ಲ. ಇಂಜೆಕ್ಷನ್ ಕೊಟ್ಟು ಮಲಗಿಸಿ ಮಾಡಿದ್ರು, ಎದ್ದಾಗ ಮುಗಿದಿತ್ತು, ಆ ಐದು ನಿಮಿಷದ ಡಾಕ್ಟರೇ ಮಾಡಿದ್ರಾ ಬೇರೆಯವರಾ ಅಂತ ನನಗೆ ಗೊತ್ತಿಲ್ಲ, ಕೈಗೆ ಬಂದಿದ್ದು ಒಂದು ರಸೀದಿ ಮಾತ್ರ. ಒಬ್ಬ ಡಾಕ್ಟರನ್ನ ತೋರಿಸಿ ಇನ್ನೊಬ್ಬರ ಕೈಲಿ ಮಾಡಿಸೋದು ಕೊರಿಯಾದಲ್ಲಿ ಎಷ್ಟು ದೊಡ್ಡ ಗಲಾಟೆ ಆಗಿತ್ತು ಅಂದ್ರೆ, ಪ್ರಜ್ಞೆ ಇಲ್ಲದ ಹಾಗೆ ಮಲಗಿಸಿ ಮಾಡೋ ಆಪರೇಷನ್ ರೂಮಲ್ಲಿ ಸಿಸಿಟಿವಿ ಇರಲೇಬೇಕು, ರೋಗಿ ಕೇಳಿದ್ರೆ ರೆಕಾರ್ಡ್ ಮಾಡ್ಬೇಕು ಅನ್ನೋ ಕಾನೂನು 2023ರ ಸೆಪ್ಟೆಂಬರ್ 25ರಿಂದ ಜಾರಿಗೆ ಬಂತು. ಈಗ ಹೋಗೋರು ದಯವಿಟ್ಟು ಬುಕ್ ಮಾಡೋ ಮೊದಲೇ ಬಾಯಿಬಿಟ್ಟು ಕೇಳಿ, ಕೇಳೋದು ನಿಮ್ಮ ಹಕ್ಕು. ಹೊರದೇಶದ ರೋಗಿಗಳನ್ನ ಕರೆಸೋ ಕ್ಲಿನಿಕ್‌ಗಳು ಅಲ್ಲಿನ ಸರ್ಕಾರದಲ್ಲಿ ರಿಜಿಸ್ಟರ್ ಆಗಿರ್ಬೇಕು, ಅದನ್ನೂ ನೋಡ್ಕೊಳ್ಳಿ. ಭಾಷೆಗೆ ಕಷ್ಟ ಆದ್ರೆ 1330 ಅನ್ನೋ ಅಲ್ಲಿನ ಪ್ರವಾಸಿ ಸಹಾಯವಾಣಿಗೆ ಫೋನ್ ಮಾಡಿದ್ರೆ ಇಂಗ್ಲಿಷಲ್ಲಿ ಮಾತಾಡ್ತಾರೆ, ನಾನು ಔಷಧಿ ಅಂಗಡೀಲಿ ನಿಂತು ಎರಡು ಸಲ ಮಾಡಿದೀನಿ, ಅಷ್ಟು ತಾಳ್ಮೆಯಿಂದ ಹೇಳ್ತಾರೆ.

ಸಿಯೋಲ್‌ನ ಒಳ್ಳೇದೂ ಹೇಳ್ಬೇಕು. ಕ್ಲಿನಿಕ್ ತುಂಬಾ ಚೊಕ್ಕ, ನೋವು ಅನ್ನೋದೇ ಇರ್ಲಿಲ್ಲ, ಊತ ಇಳಿಯೋಕೆ ಅಂತ ಕುಂಬಳಕಾಯಿ ರಸದ ಪ್ಯಾಕೆಟ್ ಕೊಟ್ಟು ಕಳಿಸಿದ್ರು, ನವೆಂಬರ್ ಚಳಿಗೆ ಕಣ್ಣಿಗೆ ಹಿತ ಇತ್ತು. ಊದಿದ ಕಣ್ಣಲ್ಲಿ ಟ್ರೇನ್ ಹತ್ತಿದ್ರೆ ಒಬ್ಬರೂ ತಿರುಗಿ ನೋಡಲ್ಲ. ಆ ನೆಮ್ಮದಿ ನಮ್ಮೂರಲ್ಲಿ ಸಿಗಲ್ಲ.

2020ರ ಕೊನೆಗೆ ಎಡಗಣ್ಣಿನ ಮಡಿಕೆ ಸಡಿಲ ಆಯ್ತು, ಚರ್ಮ ಮೊದಲಿನ ಹಾಗೇ ಬಂದು ಕೂತ್ಕೊಳ್ತು, ಬಲಗಣ್ಣಲ್ಲಿ ದಾರದ ಗಂಟು ಬೆರಳಿಗೆ ಸಿಗ್ತಿತ್ತು. ಮಾಸ್ಕ್ ಕಾಲ ಅದು, ಮುಖದಲ್ಲಿ ಕಾಣೋದೇ ಕಣ್ಣು, ಎರಡು ಕಣ್ಣು ಎರಡು ಥರ. ಬೆಂಗಳೂರಲ್ಲಿ ಒಬ್ಬರು ಆಕ್ಯುಲೋಪ್ಲಾಸ್ಟಿ ಡಾಕ್ಟರಿಗೆ ತೋರಿಸಿದೆ, ಅಂದ್ರೆ ಕಣ್ಣಿನ ಡಾಕ್ಟರೇ ಆಗಿದ್ದು ರೆಪ್ಪೆ ಆಪರೇಷನ್‌ನಲ್ಲಿ ಮುಂದೆ ಓದಿರೋರು. ಅವರು ನೋಡಿದ ತಕ್ಷಣ ಚರ್ಮ ತೆಗೀಬೇಕಿತ್ತಮ್ಮ, ದಾರ ಹಾಕಿದ್ದಾರೆ ಅಂದ್ರು. ಇಲ್ಲೇ ಮಾಡ್ತೀನಿ ಅಂತಲೂ ಅಂದ್ರು. ನಾನು ಇಲ್ಲಿ ಮಾಡಿಸ್ಕೊಳ್ಳಲಿಲ್ಲ, ಕಾರಣ ಬೇರೇನೂ ಅಲ್ಲ, ನಮ್ಮನೇಲಿ ದಿನಾ ಯಾರಾದ್ರೂ ಬರ್ತಾರೆ, ಅತ್ತೆಯವರ ಕಡೆಯವರು ಪಕ್ಕದ ರೋಡಲ್ಲೇ ಇರೋದು, ಕಣ್ಣಿಗೇನಾಯ್ತು ಅಂತ ಇಪ್ಪತ್ತು ಜನಕ್ಕೆ ಹೇಳೋ ಶಕ್ತಿ ನನಗಿರ್ಲಿಲ್ಲ. ಇದೇ ಕಾರಣಕ್ಕೆ ಹೊರಗೆ ಹೋಗೋರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ ಅಂತಲೇ ನಾನು ಈಗಲೂ ಹೇಳೋದು.

ಬ್ಯಾಂಕಾಕ್‌ಗೆ ಅಕ್ಕನ ಜೊತೆ ಹೋದೆ. 2023ರ ನವೆಂಬರಿಂದ ನಮಗೆ ವೀಸಾ ಬೇಕಿರ್ಲಿಲ್ಲ, ಬೆಂಗಳೂರಿಂದ ನಾಲ್ಕು ಗಂಟೆ ದಾರಿ. ಸುಖುಮ್‌ವಿತ್ ಕಡೆ ಒಂದು ದೊಡ್ಡ ಆಸ್ಪತ್ರೆ, ಸ್ಕೈಟ್ರೇನ್ ಇಳಿದು ನಡ್ಕೊಂಡು ಹೋಗಬಹುದು. ಇಲ್ಲಿ ಮೊದಲು ಕೂರಿಸಿದ್ದು ಕಣ್ಣಿನ ಟೆಸ್ಟಿಗೆ. ಅಕ್ಷರ ಓದಿಸಿದ್ರು, ಬಿಪಿ ನೋಡಿದ್ರು, ಕೆಳರೆಪ್ಪೆ ಒಳಗೆ ಸಣ್ಣ ಪೇಪರ್ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟು ಕಣ್ಣೀರು ಎಷ್ಟು ದೂರ ಇಳಿಯುತ್ತೆ ಅಂತ ಅಳೆದ್ರು, 10 ಮಿಲಿಮೀಟರಿಗಿಂತ ಕಮ್ಮಿ ಆದ್ರೆ ಒಣಕಣ್ಣು ಅಂತ ಅನುಮಾನ, ಅಂಥವರಿಗೆ ಆಪರೇಷನ್ ಆದ್ಮೇಲೆ ಕಣ್ಣು ಉರಿಯೋದು ಜಾಸ್ತಿ ಆಗುತ್ತಂತೆ. ನನಗೆ 12 ಬಂತು. ಮೀನೆಣ್ಣೆ ಮಾತ್ರೆ, ವಿಟಮಿನ್ ಇ, ಆಸ್ಪಿರಿನ್ ಏನಾದ್ರೂ ತಗೋತೀರಾ ಅಂತ ಹೊರಡೋಕೆ ಎರಡು ವಾರ ಮೊದಲೇ ಇಮೇಲಲ್ಲಿ ಕೇಳಿ ನಿಲ್ಲಿಸಿದ್ರು, ರಕ್ತ ಜಾಸ್ತಿ ಹೋಗಬಾರ್ದು ಅಂತ. ಸರ್ಜನ್ ನನ್ನನ್ನ ನೆಟ್ಟಗೆ ಕೂರಿಸಿ ಪೆನ್ನಲ್ಲಿ ಗೆರೆ ಹಾಕಿದ್ರು, ಮಲಗಿಸಿ ಹಾಕಿದ್ರೆ ಚರ್ಮ ಬೇರೆ ಥರ ಕೂರುತ್ತೆ ಅಂತ. ಸಣ್ಣ ಚಿಮಟದಲ್ಲಿ ಚರ್ಮ ಹಿಡಿದು ಕಣ್ಣು ಮುಚ್ಚಿ ಅಂದ್ರು, ಮುಚ್ಚೋಕಾಗುತ್ತಾ ನೋಡಿದ್ರು, ಹುಬ್ಬಿನಿಂದ ರೆಪ್ಪೆಗೂದಲಿನ ತನಕ 20 ಮಿಲಿಮೀಟರ್ ಆದ್ರೂ ಚರ್ಮ ಉಳೀಬೇಕು, ಇಲ್ಲಾಂದ್ರೆ ಮಲಗಿದಾಗ ಕಣ್ಣು ಪೂರ್ತಿ ಮುಚ್ಚಲ್ಲ ಅಂತ ವಿವರಿಸಿದ್ರು. ಸಿಯೋಲ್‌ನಲ್ಲಿ ನನಗೆ ಇದ್ಯಾವುದೂ ಆಗಿರ್ಲಿಲ್ಲ.

ಏಪ್ರಿಲ್ 8, ಸೋಮವಾರ ಆಪರೇಷನ್. ರೆಪ್ಪೆಗೆ ಮರಗಟ್ಟೋ ಇಂಜೆಕ್ಷನ್ ಮಾತ್ರ, ಅದು ಚುಚ್ಚೋವಾಗ ಒಂದು ನಿಮಿಷ ಜೋರಾಗಿ ಉರೀತು, ಆಮೇಲೆ ಮಾತಾಡ್ತಾನೇ ಇದ್ದೆ, ಹಳೇ ದಾರ ತೆಗೆದಿದ್ದು ಸೇರಿ ಒಂದೂವರೆ ಗಂಟೆ. ಎರಡನೇ ದಿನ, ಮೂರನೇ ದಿನ ಊತ ಜಾಸ್ತಿ, ಕನ್ನಡಿ ನೋಡೋಕೆ ಭಯ ಆಯ್ತು, ಐದನೇ ದಿನಕ್ಕೆ ಇಳೀತು. ಮೊದಲ 24 ಗಂಟೆ ತೀರಾ ಮುಖ್ಯ: ಕಣ್ಣಿನ ಹಿಂದೆ ರಕ್ತ ಕಟ್ಟಿಕೊಳ್ಳೋದು ಎರಡು ಸಾವಿರದಲ್ಲಿ ಒಬ್ಬರಿಗೆ ಆಗೋ ಅಪರೂಪದ ತೊಂದರೆ, ಆದ್ರೆ ಆಯ್ತು ಅಂದ್ರೆ ಗಂಟೆಗಳ ಲೆಕ್ಕ, ದೃಷ್ಟಿಯೇ ಹೋಗಬಹುದು. ತಡೆಯೋಕಾಗದ ನೋವು, ಕಣ್ಣು ಮುಂದಕ್ಕೆ ಉಬ್ಬೋದು, ಮಂಜು ಮಂಜು ಕಾಣೋದು ಆದ್ರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ. ಅದಕ್ಕೇ ಹೋಟೆಲ್ ಆಸ್ಪತ್ರೆಗೆ ಹತ್ತಿರ ಇರ್ಲಿ, ಜೊತೆಗೊಬ್ಬರು ಇರ್ಲಿ. ಥೈಲ್ಯಾಂಡಲ್ಲಿ ಆಂಬುಲೆನ್ಸ್ 1669, ಕೊರಿಯಾದಲ್ಲಿ 119, ಅಕ್ಕ ಒಂದು ಚೀಟೀಲಿ ಬರೆದು ಬಾಗಿಲಿಗೆ ಅಂಟಿಸಿದ್ಲು.

ನಾನು ಇಲ್ಲಿ ಎಡವಿದ್ದು ತಾರೀಖಿನಲ್ಲಿ. ಸ್ಕೂಲ್ ರಜೆ ಅಂತ ಏಪ್ರಿಲ್ ಹಿಡಿದೆ, ಸೋಂಗ್‌ಕ್ರಾನ್ ಅಂತ ಅವರ ಹೊಸ ವರ್ಷದ ಹಬ್ಬ ಅದೇ ವಾರ ಬರುತ್ತೆ ಅಂತ ನೋಡ್ಲೇ ಇಲ್ಲ. 13ರಿಂದ 15, ಆ ವರ್ಷ ಶನಿವಾರ ಭಾನುವಾರ ಬಿದ್ದಿದ್ದಕ್ಕೆ 16ನೇ ತಾರೀಖೂ ರಜೆ. ಹಬ್ಬ ಅಂದ್ರೆ ಊರಿಗೆ ಊರೇ ಬೀದೀಲಿ ನಿಂತು ಒಬ್ಬರ ಮೇಲೊಬ್ಬರು ನೀರು ಎರಚೋದು, ವಾಟರ್ ಗನ್, ಬಕೆಟ್ಟು, ಹೊಸಬರು ಹಳಬರು ಅಂತಿಲ್ಲ. ನನ್ನ ಕಣ್ಣಲ್ಲಿ ಹೊಲಿಗೆ, ಒಂದು ಹನಿ ನೀರು ಬೀಳೋ ಹಾಗಿಲ್ಲ. ನಾಲ್ಕು ದಿನ ಹೋಟೆಲ್ ರೂಮಲ್ಲೇ, ಅಕ್ಕ ಊಟ ತರೋಕೆ ಹೋದವಳು ತೊಪ್ಪೆ ಆಗಿ ವಾಪಸ್ ಬರ್ತಿದ್ಲು. ಏಳನೇ ದಿನ ಬಿಚ್ಚಬೇಕಿದ್ದ ಹೊಲಿಗೆ, ಸರ್ಜನ್ ರಜೆ, ಡ್ಯೂಟಿ ಡಾಕ್ಟರ್ ಬಿಚ್ತಾರೆ ಬನ್ನಿ ಅಂದ್ರು, ನಾನು ಸರ್ಜನ್ನೇ ಬೇಕು ಅಂತ ಕೂತೆ, ಒಂಬತ್ತನೇ ದಿನಕ್ಕೆ ಹೋಯ್ತು. ಟಿಕೆಟ್ ಬದಲಾಯಿಸಿದ ದಂಡ ಬೇರೆ. ಏಪ್ರಿಲ್ ಮಧ್ಯ ಬ್ಯಾಂಕಾಕ್ ಬೇಡವೇ ಬೇಡ, ಕೊರಿಯಾಗೆ ಹೋಗೋರೂ ಚುಸೋಕ್ ಹಬ್ಬದ ರಜೆ ಯಾವಾಗ ಅಂತ ನೋಡ್ಕೊಂಡೇ ಹೋಗಿ.

ಊರಿಗೆ ಬಂದು ಆರು ವಾರಕ್ಕೆ ಹೊಲಿಗೆ ಗೆರೆ ಮೇಲೆ ರಾಗಿ ಕಾಳಿನಷ್ಟು ಬಿಳೀ ಗುಳ್ಳೆ ಮೂರು ಬಂತು. ಲೈನ್ ಅನ್ನೋ ಮೆಸೇಜ್ ಆ್ಯಪಲ್ಲಿ ಫೋಟೋ ಕಳಿಸಿದ್ರೆ ಬ್ಯಾಂಕಾಕಿಂದ ಸಂಜೆಗೇ ಉತ್ತರ ಬಂತು, ಗಾಬರಿ ಬೇಡ, ಅಲ್ಲೇ ಯಾರಾದ್ರೂ ಸೂಜೀಲಿ ತೆಗೀತಾರೆ ಅಂತ. ಮತ್ತೆ ಅದೇ ಬೆಂಗಳೂರು ಡಾಕ್ಟರ ಹತ್ರ ಹೋದೆ, ಸಂಕೋಚ ಆಗಿತ್ತು, ಅವರು ಒಂದು ಮಾತೂ ಆಡದೆ ತೆಗೆದ್ರು. ಹೊಲಿಗೆ ತಡವಾಗಿ ಬಿಚ್ಚಿದ್ದೂ ಕಾರಣ ಇರಬಹುದು ಅಂದ್ರು. ಅವರಿಗೆ ಕೆಲಸ ಸಲೀಸಾಗಿದ್ದು ಬ್ಯಾಂಕಾಕ್ ಆಸ್ಪತ್ರೆ ಕೊಟ್ಟ ಎರಡು ಪೇಜಿನ ಆಪರೇಷನ್ ನೋಟಿಂದ: ಇಂಗ್ಲಿಷಲ್ಲಿ, ಯಾವ ಕಣ್ಣಲ್ಲಿ ಎಷ್ಟು ಮಿಲಿಮೀಟರ್ ಚರ್ಮ, ಕೊಬ್ಬು ತೆಗೆದಿದ್ದಾರಾ, ಯಾವ ದಾರ, ಎಲ್ಲ ಇತ್ತು. ಎಲ್ಲೇ ಮಾಡಿಸಿ, ಈ ಕಾಗದ ಕೈಗೆ ಬರದೇ ಏರ್‌ಪೋರ್ಟಿಗೆ ಹೋಗ್ಬೇಡಿ.

ದುಡ್ಡಿನ ಲೆಕ್ಕ ಎಲ್ಲರೂ ಕೇಳ್ತಾರೆ. ಬ್ಯಾಂಕಾಕ್ ಆಸ್ಪತ್ರೆ ಬಿಲ್ಲು 48 ಸಾವಿರ ಬಾತ್, ಸುಮಾರು 1 ಲಕ್ಷ 10 ಸಾವಿರ ರೂಪಾಯಿ, ಇಬ್ಬರ ಟಿಕೆಟ್ಟು, ಹದಿಮೂರು ರಾತ್ರಿ ಹೋಟೆಲು, ಊಟ ಎಲ್ಲ ಸೇರಿ 2 ಲಕ್ಷ 10 ಸಾವಿರ ದಾಟ್ತು. ಅಕ್ಕಂದು ಬೆಂಗಳೂರಲ್ಲಿ 65 ಸಾವಿರಕ್ಕೆ ಮುಗೀತು, ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆ, ಆರನೇ ದಿನ ಹೊಲಿಗೆ ಬಿಚ್ಚಿದ್ರು, ಮೂರು ತಿಂಗಳಲ್ಲಿ ನಾಲ್ಕು ಸಲ ತೋರಿಸಿದ್ದಕ್ಕೆ ಖರ್ಚಾಗಿದ್ದು ಆಟೋ ದುಡ್ಡು ಮಾತ್ರ. ಕೆಲಸದ ಗುಣಮಟ್ಟದಲ್ಲಿ ನನ್ನ ಬ್ಯಾಂಕಾಕ್ ಕಣ್ಣಿಗೂ ಅವಳ ಬೆಂಗಳೂರು ಕಣ್ಣಿಗೂ ನನಗೆ ವ್ಯತ್ಯಾಸ ಕಾಣಲ್ಲ. ಅವಳಿಗೆ ಕಷ್ಟ ಆಗಿದ್ದು ಬಂದವರಿಗೆಲ್ಲ ಕಾಫಿ ಮಾಡಿಕೊಡೋದೇ, ಎರಡನೇ ದಿನ ಬಗ್ಗಿ ಕೆಲಸ ಮಾಡಿ ಎಡಗಣ್ಣು ಮತ್ತೆ ಊದಿಕೊಳ್ತು. ಅಡುಗೆಮನೆ ಬಿಟ್ಟು ಹತ್ತು ದಿನ ಮಲಗೋಕಾಗೋ ಮನೆ ಇದ್ರೆ ಬೆಂಗಳೂರೇ ಸಾಕು ಅಂತ ನಾನು ಖಂಡಿತ ಹೇಳ್ತೀನಿ, ಆಗಲ್ಲ ಅಂದ್ರೆ ಬ್ಯಾಂಕಾಕ್. ಸಿಯೋಲ್‌ಗೆ ಹೋಗಬೇಕಿರೋದು ಮಡಿಕೆಯೇ ಇಲ್ಲದ ರೆಪ್ಪೆಗೆ ಮಡಿಕೆ ಬೇಕು ಅನ್ನೋರು, ನಮ್ಮ ಥರ ಚರ್ಮ ಜೋತಿರೋರು ಹೋದ್ರೆ ಚರ್ಮ ತೆಗೀತೀರಾ ಅಂತ ನೇರವಾಗಿ ಕೇಳಿ.

ಇನ್ನೊಂದು, ನಮ್ಮ ಬಣ್ಣದ ಚರ್ಮಕ್ಕೆ ಗಾಯದ ಗೆರೆ ಸ್ವಲ್ಪ ದಿನ ಕಪ್ಪಾಗುತ್ತೆ, ನನಗೆ ಐದು ತಿಂಗಳು ಇತ್ತು, ಬಿಸಿಲಿಗೆ ಕನ್ನಡಕ ಬಿಡಬಾರ್ದು. ಕಣ್ಣ ಸುತ್ತಿನ ಕಪ್ಪು ಈ ಆಪರೇಷನ್‌ನಿಂದ ಹೋಗಲ್ಲ, ಅದಕ್ಕೆ ಅಂತ ಯಾರೂ ಮಾಡಿಸ್ಕೋಬೇಡಿ.

ನನ್ನ ಜೊತೆ ಕೆಲಸ ಮಾಡೋ ಒಬ್ಬರು ಅಕ್ಟೋಬರಲ್ಲಿ ಬ್ಯಾಂಕಾಕ್‌ಗೆ ಹೊರಟಿದ್ದಾರೆ, 16ಕ್ಕೆ ಆಪರೇಷನ್, 20ಕ್ಕೆ ವಾಪಸ್ ಟಿಕೆಟ್ ಮಾಡಿಸಿದ್ರು, ಹೊಲಿಗೆ ಊರಲ್ಲಿ ಯಾರ ಹತ್ರನಾದ್ರೂ ಬಿಚ್ಚಿಸ್ಕೊಂಡ್ರಾಯ್ತು ಅಂತ. ಮೊನ್ನೆ ಟಿಫಿನ್ ಟೈಮಲ್ಲಿ ಕೂರಿಸ್ಕೊಂಡು ಇದಿಷ್ಟೂ ಹೇಳಿದೆ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ರು, ಟಿಕೆಟ್ 26ಕ್ಕೆ ಬದಲಾಯಿಸಿದ್ದಾರೆ, ತಂಗೀನೂ ಜೊತೆಗೆ ಬರ್ತಿದ್ದಾಳಂತೆ.